ಮಳೆಗಾಲದ ಟಾರ್ಪಾಲು, ಬಾಯ್ಲರ್‌ನ ಹೊಗೆ ಪೈಪು: ಮಡಿಕೇರಿ ಕಡೆಯ ಒಂದು ಪ್ರಕರಣ

ಜುಲೈ ತಿಂಗಳ ಒಂದು ಬೆಳಿಗ್ಗೆ ಆರೂವರೆಗೆ ಫೋನ್ ಬಂತು. ಮಡಿಕೇರಿಯಿಂದ ಸ್ವಲ್ಪ ದೂರದ ಒಂದು ರೆಸಾರ್ಟ್‌ನ ಮ್ಯಾನೇಜರ್. "ಸಾರ್, ಬಾಯ್ಲರ್ ಮತ್ತೆ ನಿಂತಿದೆ. ಗೆಸ್ಟ್‌ಗಳು ಬಿಸಿನೀರಿಲ್ಲ ಅಂತ ರಿಸೆಪ್ಷನ್‌ನಲ್ಲಿ ನಿಂತಿದ್ದಾರೆ. ನಾಲ್ಕು ದಿನದಿಂದ ಇದೇ ಗೋಳು." ರೀಸೆಟ್ ಒತ್ತಿದರೆ ಹತ್ತು ನಿಮಿಷ ಓಡುತ್ತದಂತೆ, ಆಮೇಲೆ ಲಾಕ್‌ಔಟ್, ಅಂದರೆ ಯಂತ್ರ ತಾನೇ ನಿಂತುಬಿಡುತ್ತದೆ. ಸ್ಕ್ರೀನ್ ಮೇಲೆ ಯಾವ ಕೋಡ್ ಬರ್ತಿದೆ ಅಂತ ನಾನು ಕೇಳುತ್ತಿದ್ದೆ. ಅಷ್ಟರಲ್ಲಿ ಅವರು ಮಾತಿನ ನಡುವೆ, "ನೈಟ್ ವಾಚ್‌ಮನ್ ಬೇರೆ ತಲೆನೋವು, ವಾಂತಿ ಅಂತ ಮಲಗಿಬಿಟ್ಟಿದ್ದಾರೆ, ಕೈಗೆ ಜನ ಇಲ್ಲ" ಅಂದರು.

ಎಲ್ಲಿ ಮಲಗಿದ್ದಾರೆ ಅಂತ ಕೇಳಿದೆ. ಬಾಯ್ಲರ್ ರೂಮಿನ ಪಕ್ಕದ ಲಿನನ್ ರೂಮಿನಲ್ಲಿ. ಬೆಡ್‌ಶೀಟ್, ಟವಲ್ ಇಡುವ ರೂಮು, ಮಳೆಗಾಲದಲ್ಲಿ ಬೆಚ್ಚಗಿರುತ್ತದೆ ಅಂತ ದಿನಾ ಅಲ್ಲೇ ಮಲಗುತ್ತಾರಂತೆ.

ಬಾಯ್ಲರ್ ಮಾತು ಅಲ್ಲಿಗೇ ಬಿಟ್ಟೆ. ಮೊದಲು ಅವರನ್ನು ಹೊರಗೆ ತನ್ನಿ, ಗ್ಯಾಸ್ ಮೇನ್ ವಾಲ್ವ್ ಮುಚ್ಚಿ, ಎಲ್ಲಾ ಬಾಗಿಲು ಕಿಟಕಿ ತೆಗೆಯಿರಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಅಲ್ಲಿ "ಗ್ಯಾಸ್ ಬಾಯ್ಲರ್ ಪಕ್ಕ ಮಲಗಿದ್ದರು, ಕಾರ್ಬನ್ ಮಾನಾಕ್ಸೈಡ್ ಇರಬಹುದು" ಅಂತ ಬಾಯಿಬಿಟ್ಟು ಹೇಳಿ ಅಂದೆ. ಗ್ಯಾಸ್ ಸರಿಯಾಗಿ ಉರಿಯದಾಗ ಹುಟ್ಟುವ ವಿಷದ ಅನಿಲ ಅದು. ಮ್ಯಾನೇಜರ್ ಸ್ವಲ್ಪ ತಡೆದು, "ಬೆರಳಿಗೆ ಮೀಟರ್ ಹಾಕಿ ನೋಡಿದ್ವಿ ಸಾರ್, 98 ಇದೆ, ಆಕ್ಸಿಜನ್ ಸರಿಯಾಗಿದೆ" ಅಂದರು. ಇದನ್ನು ಎಲ್ಲರೂ ತಿಳಿದುಕೊಂಡಿರಬೇಕು. ಕೋವಿಡ್ ಕಾಲದಲ್ಲಿ ನಾವೆಲ್ಲ ಕೊಂಡ ಆ ಬೆರಳಿನ ಮೀಟರ್‌ಗೆ ರಕ್ತದಲ್ಲಿ ಆಮ್ಲಜನಕ ಅಂಟಿದೆಯೋ ಕಾರ್ಬನ್ ಮಾನಾಕ್ಸೈಡ್ ಅಂಟಿದೆಯೋ ಬೇರೆ ಮಾಡಿ ನೋಡಲು ಬರುವುದಿಲ್ಲ. ಎರಡನ್ನೂ ಆಮ್ಲಜನಕ ಅಂತಲೇ ಲೆಕ್ಕ ಹಾಕುತ್ತದೆ. ಈ ಅನಿಲ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಅಂಟುತ್ತದೆ, ಹಾಗಾಗಿ ಮನುಷ್ಯ ಒಳಗೊಳಗೇ ಉಸಿರು ಕಟ್ಟುತ್ತಿದ್ದರೂ ಮೀಟರ್ 98 ತೋರಿಸುತ್ತಲೇ ಇರುತ್ತದೆ. ರಕ್ತ ಪರೀಕ್ಷೆಯಲ್ಲೇ ಗೊತ್ತಾಗಬೇಕು. ಆಸ್ಪತ್ರೆಯಲ್ಲಿ ಮಾಸ್ಕ್ ಹಾಕಿ ಆಮ್ಲಜನಕ ಕೊಟ್ಟರು. ಸಂಜೆ ಹೊತ್ತಿಗೆ ವಾಚ್‌ಮನ್ ಎದ್ದು ಕೂತು ಕಾಫಿ ಕೇಳಿದರು. ಆಮೇಲಿನದನ್ನೆಲ್ಲ ಸಮಾಧಾನವಾಗಿ ಬರೆಯಲು ಆಗುತ್ತಿರುವುದು ಅದರಿಂದಲೇ.

ನಾನು ಮೈಸೂರಿನಲ್ಲಿ ಇದ್ದುಕೊಂಡು ಹೋಟೆಲ್, ಹಾಸ್ಟೆಲ್‌ಗಳ ಬಿಸಿನೀರಿನ ವ್ಯವಸ್ಥೆ ನೋಡಿಕೊಳ್ಳುವವನು. ಈ ಬಾಯ್ಲರ್ ನಾವು ಕೂರಿಸಿದ್ದಲ್ಲ. ಎರಡು ವರ್ಷದ ಹಿಂದೆ ಕಟ್ಟಡದ ನಲ್ಲಿ ಕೆಲಸ ಮಾಡಿದ ತಂಡವೇ ಇದನ್ನೂ ಮಾಡಿತ್ತು. 100 ಕಿಲೋವ್ಯಾಟ್‌ನ ಕಂಡೆನ್ಸಿಂಗ್ ಬಾಯ್ಲರ್ (ಹೊಗೆಯಲ್ಲಿರುವ ಹಬೆಯನ್ನು ನೀರಾಗಿಸಿ ಅದರ ಬಿಸಿಯನ್ನೂ ಬಳಸಿಕೊಳ್ಳುವಂಥದ್ದು), ಎಲ್‌ಪಿಜಿ, ಹೊರಗೆ 47.5 ಕೆಜಿಯ ಸಿಲಿಂಡರ್‌ಗಳ ಸಾಲು. ಯಂತ್ರ ಒಳ್ಳೆಯದೇ. ಕೆಟ್ಟಿದ್ದು ಅದಕ್ಕೆ ಸಿಕ್ಕಿಸಿದ ಎರಡು ಪೈಪು. ಒಂದು ಹೊರಗಿನ ಗಾಳಿ ಒಳಗೆ ತರುವುದು, ಇನ್ನೊಂದು ಹೊಗೆ ಹೊರಗೆ ಬಿಡುವುದು.

ಬಾಯ್ಲರ್ ಅಂದರೆ ಸರ್ಕಾರದ ಇನ್‌ಸ್ಪೆಕ್ಟರ್ ಬಂದು ನೋಡಿರಬೇಕಲ್ವಾ ಅಂತ ಕೇಳಬಹುದು. ಇಲ್ಲ. 1923ರ ಬಾಯ್ಲರ್ ಕಾಯ್ದೆ ಆಗಲಿ, ಅದರ ಜಾಗಕ್ಕೆ ಬಂದ 2025ರ ಕಾಯ್ದೆ ಆಗಲಿ, ಹಬೆ ಮಾಡುವ ಬಾಯ್ಲರ್‌ಗೆ ಮಾತ್ರ. ನೀರನ್ನು 100 ಡಿಗ್ರಿಗಿಂತ ಕಡಿಮೆ ಕಾಯಿಸುವುದು ಅದರ ಲೆಕ್ಕಕ್ಕೇ ಬರುವುದಿಲ್ಲ. ಅಂದರೆ ಸಿಡಿಯುವ ಅಪಾಯಕ್ಕೆ ಕಾಯ್ದೆ ಇದೆ, ಹೊಗೆಯ ಅಪಾಯವನ್ನು ಕೂರಿಸುವವರೇ ನೋಡಿಕೊಳ್ಳಬೇಕು. ಬಾತ್‌ರೂಮಿನ ಗ್ಯಾಸ್ ಗೀಸರ್‌ನಿಂದ ಜೀವ ಹೋದ ಸುದ್ದಿಯನ್ನು ನಾವು ಪೇಪರಿನಲ್ಲಿ ಓದುತ್ತಲೇ ಇರುತ್ತೇವೆ. ಇದು ಆ ಗೀಸರ್‌ನ ಎಷ್ಟೋ ಪಟ್ಟು ಗ್ಯಾಸ್ ಉರಿಸುವ ಯಂತ್ರ.

ಎಷ್ಟು ಅಂತ ಒಂದು ಲೆಕ್ಕ ಹೇಳುತ್ತೇನೆ. 100 ಕಿಲೋವ್ಯಾಟ್ ಪೂರ್ತಿ ಓಡಿದರೆ ಗಂಟೆಗೆ ಸುಮಾರು 8 ಕೆಜಿ ಎಲ್‌ಪಿಜಿ ಬೇಕು. ಒಂದು ಕೆಜಿ ಎಲ್‌ಪಿಜಿ ಸರಿಯಾಗಿ ಉರಿಯಲು 13 ಘನ ಮೀಟರ್‌ನಷ್ಟು ಗಾಳಿ ಬೇಕು, ಅದರ ಮೇಲೆ ಇನ್ನೂ ಕಾಲು ಭಾಗ ಹೆಚ್ಚಿಗೆ ಕೊಡಬೇಕು. ಒಟ್ಟು ಗಂಟೆಗೆ 130 ಘನ ಮೀಟರ್. ಮಡಿಕೇರಿ ಸಮುದ್ರ ಮಟ್ಟದಿಂದ 1,100 ಮೀಟರ್‌ಗೂ ಮೇಲಿದೆ, ಅಲ್ಲಿ ಗಾಳಿ ನೂರಕ್ಕೆ ಹನ್ನೆರಡು ಭಾಗದಷ್ಟು ತೆಳು, ಹಾಗಾಗಿ 150 ಅಂತ ಇಟ್ಟುಕೊಳ್ಳಿ. ಆ ಬಾಯ್ಲರ್ ರೂಮು 4 ಮೀಟರ್ ಉದ್ದ, 3 ಅಗಲ, 3 ಎತ್ತರ, ಅಂದರೆ 36 ಘನ ಮೀಟರ್. ಇಡೀ ರೂಮಿನ ಗಾಳಿಯನ್ನು ಗಂಟೆಗೆ ನಾಲ್ಕು ಸಲ ನುಂಗುವಷ್ಟು ಹಸಿವು ಅದಕ್ಕೆ. ಅಷ್ಟನ್ನೂ ಒಂದು ನಾಲ್ಕಿಂಚಿನ ಪೈಪು ತರಬೇಕು, ಇನ್ನೊಂದು ನಾಲ್ಕಿಂಚಿನ ಪೈಪು ಒಂದು ಚೂರೂ ಸೋರದ ಹಾಗೆ ಹೊರಗೆ ಹಾಕಬೇಕು.

ಹನ್ನೊಂದು ಗಂಟೆಗೆ ತಲುಪಿದೆವು. ಸುಂಟಿಕೊಪ್ಪ ದಾಟಿದ ಮೇಲೆ ಮಳೆ ಬಿಟ್ಟಿರಲಿಲ್ಲ. ನಾನು, ನಮ್ಮ ಹುಡುಗ ಇಬ್ಬರೂ ಕಾರ್ಬನ್ ಮಾನಾಕ್ಸೈಡ್ ಅಳೆಯುವ ಮೀಟರ್ ಸೊಂಟಕ್ಕೆ ಸಿಕ್ಕಿಸಿಕೊಂಡು, ಹೊರಗಿನ ಗಾಳಿಯಲ್ಲೇ ಆನ್ ಮಾಡಿ ಸೊನ್ನೆ ತೋರಿಸುತ್ತದಾ ನೋಡಿ, ಆಮೇಲೆ ಒಳಗೆ ಹೋದೆವು. ನಾಲ್ಕು ಗಂಟೆ ಬಾಗಿಲು ತೆರೆದಿಟ್ಟಿದ್ದರೂ ಲಿನನ್ ರೂಮಿನಲ್ಲಿ 9 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ 9 ಭಾಗ) ಇತ್ತು. ರಾಶಿ ಬಟ್ಟೆ ಇರುವ, ಕಿಟಕಿ ಚಿಕ್ಕದಾದ ರೂಮು ಅದು, ಗಾಳಿ ಬೇಗ ಬದಲಾಗುವುದಿಲ್ಲ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಎಲ್‌ಪಿಜಿಗೆ ವಾಸನೆ ಬೆರೆಸಿರುತ್ತಾರೆ, ಆದರೆ ಉರಿದ ಮೇಲೆ ಆ ವಾಸನೆ ಎಲ್ಲಿಂದ ಬರಬೇಕು? ಗೋಡೆಯ ಬುಡದಲ್ಲಿ ಒಂದು ಗ್ಯಾಸ್ ಅಲಾರ್ಮ್ ಇತ್ತು, ಮ್ಯಾನೇಜರ್ ಅದನ್ನು ತೋರಿಸಿ "ಇದು ಹೊಡ್ಕೊಳ್ಳಲೇ ಇಲ್ಲ ಸಾರ್" ಅಂದರು. ಅದು ಎಲ್‌ಪಿಜಿ ಸೋರಿಕೆಯದು. ಎಲ್‌ಪಿಜಿ ಗಾಳಿಗಿಂತ ಭಾರ, ಅದಕ್ಕೇ ನೆಲದ ಹತ್ತಿರ ಹಾಕುತ್ತಾರೆ. ಕಾರ್ಬನ್ ಮಾನಾಕ್ಸೈಡ್ ಹೆಚ್ಚು ಕಡಿಮೆ ಗಾಳಿಯಷ್ಟೇ ತೂಕ, ರೂಮಿನ ತುಂಬ ಬೆರೆತುಹೋಗುತ್ತದೆ, ಅದಕ್ಕೆ ಬೇರೆಯದೇ ಅಲಾರ್ಮ್ ಬೇಕು.

ಎಲ್ಲರನ್ನೂ ದೂರ ಕಳಿಸಿ, ಬಾಗಿಲು ತೆರೆದಿಟ್ಟು, ಮೀಟರ್ ಒಂದನ್ನು ಲಿನನ್ ರೂಮಿನ ಮಂಚದ ಮೇಲೆ ಬಾಗಿಲಿನಿಂದಲೇ ಕಾಣುವ ಹಾಗೆ ಇಟ್ಟು, ಬಾಯ್ಲರ್ ಸ್ವಲ್ಪ ಹೊತ್ತು ಓಡಿಸಿದೆವು. ಮೂರನೇ ನಿಮಿಷಕ್ಕೆ 30. ಆರನೇ ನಿಮಿಷಕ್ಕೆ 85. ಒಂಬತ್ತನೇ ನಿಮಿಷಕ್ಕೆ 140 ಬಂತು, ನಿಲ್ಲಿಸಿಬಿಟ್ಟೆ. ಅದು ಬಾಗಿಲು ತೆರೆದಿದ್ದಾಗ. 200 ಪಿಪಿಎಂನಲ್ಲಿ ಎರಡು ಮೂರು ಗಂಟೆ ಇದ್ದರೆ ತಲೆನೋವು ಶುರುವಾಗುತ್ತದೆ, 800 ಮುಟ್ಟಿದರೆ ಮುಕ್ಕಾಲು ಗಂಟೆಯಲ್ಲಿ ತಲೆ ಸುತ್ತಿ ವಾಂತಿ ಬರುತ್ತದೆ. ರಾತ್ರಿ ಬಾಗಿಲು ಹಾಕಿಕೊಂಡಾಗ ಎಷ್ಟಿತ್ತೋ. ಬಾಯ್ಲರ್ ಪದೇ ಪದೇ ಲಾಕ್‌ಔಟ್ ಆಗಿ ನಿಲ್ಲುತ್ತಿದ್ದುದೇ ಆ ಮನುಷ್ಯನನ್ನು ಉಳಿಸಿತು ಅಂತ ನನಗೆ ಈಗಲೂ ಅನ್ನಿಸುತ್ತದೆ. ಎಲ್ಲರೂ ನಾಲ್ಕು ದಿನದಿಂದ ಬೈದುಕೊಂಡು ರೀಸೆಟ್ ಒತ್ತುತ್ತಿದ್ದದ್ದು ಆ ಲಾಕ್‌ಔಟ್‌ಗೇ.

ಲಿನನ್ ರೂಮಿನ ಫಾಲ್ಸ್ ಸೀಲಿಂಗ್‌ನ ಎರಡು ಹಲಗೆ ತೆಗೆದು ಟಾರ್ಚ್ ಬಿಟ್ಟೆವು. ಹೊಗೆ ಪೈಪು ಆ ರೂಮಿನ ತಲೆ ಮೇಲೆಯೇ ಹಾದು ಹೋಗಿತ್ತು. ಪೈಪು ಯಾವುದು ಗೊತ್ತಾ? ಬಾತ್‌ರೂಮಿನ ಕೊಳೆನೀರಿಗೆ ಹಾಕುವ 110 ಮಿಲಿಮೀಟರ್‌ನ ಬೂದು ಬಣ್ಣದ ಎಸ್‌ಡಬ್ಲ್ಯುಆರ್ ಪೈಪು. ಕಟ್ಟಡದ ಕೆಲಸದಲ್ಲಿ ಮಿಕ್ಕಿದ್ದು ಅಂತ ಆಮೇಲೆ ಗೊತ್ತಾಯಿತು. ಬಾಯ್ಲರ್ ಪಕ್ಕದ ಮೊದಲ ಒಂದು ಮೀಟರ್ ಸುಟ್ಟ ಹಪ್ಪಳದ ಬಣ್ಣಕ್ಕೆ ತಿರುಗಿತ್ತು, ಬೆರಳಲ್ಲಿ ಒತ್ತಿದರೆ ಪುಡಿ ಬರುತ್ತಿತ್ತು. ಕ್ಲಾಂಪ್‌ಗಳು ಎರಡೂವರೆ ಮೀಟರ್‌ಗೆ ಒಂದು. ನಡುವೆ ಪೈಪು ಹಗ್ಗದ ಮೇಲೆ ಒದ್ದೆ ಬಟ್ಟೆ ಹಾಕಿದಂತೆ ಜೋತುಬಿದ್ದಿತ್ತು. ಜೋತುಬಿದ್ದು ಜೋತುಬಿದ್ದು ಒಂದು ಎಲ್ಬೋ ಸಾಕೆಟ್‌ನಿಂದ ಅರ್ಧ ಹೊರಬಂದಿತ್ತು, ರಬ್ಬರ್ ರಿಂಗ್ ಒಂದು ಕಡೆ ನಾಲಿಗೆ ಚಾಚಿದಂತೆ ಕಾಣುತ್ತಿತ್ತು. ಅದರ ನೇರ ಕೆಳಗೆ ಮಂಚ.

ಕೊಳೆನೀರಿನ ಪೈಪು ಹೊಗೆಗೆ ಯಾಕಾಗುವುದಿಲ್ಲ ಅಂತ ಕಟ್ಟಡ ಕೆಲಸದವರು ನಿಜವಾಗಿಯೂ ಕೇಳುತ್ತಾರೆ, ಹೊಗೆ ಅಷ್ಟೇನು ಬಿಸಿ ಇಲ್ವಲ್ಲ ಅಂತ. ಕಂಡೆನ್ಸಿಂಗ್ ಬಾಯ್ಲರ್‌ನ ಹೊಗೆ ಮುಟ್ಟಿದರೆ ಬೆಚ್ಚಗೆ ಅನ್ನಿಸುವಷ್ಟೇ ಇರುತ್ತದೆ ನಿಜ, ಆದರೆ ಬಾಯ್ಲರ್‌ಗೆ ವಾಪಸ್ ಬರುವ ನೀರು ತಣ್ಣಗಿದ್ದಾಗ ಮಾತ್ರ. ಟ್ಯಾಂಕ್ ಪೂರ್ತಿ ಬಿಸಿಯಾಗಿ ವಾಪಸ್ ನೀರೇ 65 ಡಿಗ್ರಿ ಬಂದರೆ ಹೊಗೆ 75 ದಾಟುತ್ತದೆ. ಮಾಮೂಲಿ ಪಿವಿಸಿ 60, 65 ಡಿಗ್ರಿ ಮೇಲೆ ಬಲ ಕಳೆದುಕೊಳ್ಳುತ್ತದೆ. ಎರಡನೆಯದು, ಹಳೆಯ ಚಿಮಣಿಯಲ್ಲಿ ಬಿಸಿ ಹೊಗೆ ತಾನೇ ಮೇಲೇಳುತ್ತದೆ, ಸಣ್ಣ ಸಂದಿ ಇದ್ದರೆ ರೂಮಿನ ಗಾಳಿ ಒಳಗೆ ಹೋಗುತ್ತದೆಯೇ ಹೊರತು ಹೊಗೆ ಈಚೆ ಬರುವುದಿಲ್ಲ. ಇಲ್ಲಿ ಫ್ಯಾನ್ ಹೊಗೆಯನ್ನು ಒತ್ತಿ ತಳ್ಳುತ್ತದೆ. ಪೈಪಿನೊಳಗೆ ಒತ್ತಡ ಹೊರಗಿಗಿಂತ ಜಾಸ್ತಿ. ಕೂದಲೆಳೆಯಷ್ಟು ಸಂದಿ ಸಿಕ್ಕರೂ ಹೊಗೆ ಹೊರಗೇ ಬರುತ್ತದೆ. ಕೊಳೆನೀರಿನ ಪೈಪು ನೀರು ಇಳಿದು ಹೋಗಲಿ ಅಂತ ಮಾಡಿದ್ದು, ಹಗಲು ರಾತ್ರಿ ಬಿಸಿ ಹೊಗೆಯ ಒತ್ತಡ ತಡೆಯಲಿ ಅಂತ ಅಲ್ಲ.

ಜೋತುಬಿದ್ದ ಭಾಗದ ಕೆಳಗೆ ಬಕೆಟ್ ಇಟ್ಟು ಬಿಚ್ಚಿದೆವು. ನಾಲ್ಕು ಲೀಟರ್‌ಗೂ ಜಾಸ್ತಿ ನೀರು ಸುರಿಯಿತು, ತೆಳು ಚಹಾ ಬಣ್ಣ. ಒಂದು ಕೆಜಿ ಎಲ್‌ಪಿಜಿ ಉರಿದರೆ ಒಂದೂವರೆ ಲೀಟರ್‌ಗೂ ಮೀರಿ ನೀರು ಹುಟ್ಟುತ್ತದೆ, ಹೊಗೆ 50 ಡಿಗ್ರಿ ಆಸುಪಾಸಿಗೆ ಇಳಿದಾಗ ಅದು ಹನಿಗಟ್ಟುತ್ತದೆ. ಆ ನೀರು ಹುಳಿ. ಪಿಎಚ್ ಪಟ್ಟಿ ಅದ್ದಿದರೆ 4 ಬಂತು. ಪೈಪು ಬಾಯ್ಲರ್ ಕಡೆಗೆ ಇಳಿಜಾರಾಗಿದ್ದರೆ ಅದು ಹರಿದು ಬಾಯ್ಲರ್ ಕೆಳಗಿನ ಟ್ರ್ಯಾಪ್‌ಗೆ (ನೀರು ನಿಂತು ಹೊಗೆ ತಡೆಯುವ ಬಗ್ಗು ಪೈಪು) ಬಂದು ಹೋಗುತ್ತಿತ್ತು. ಇಲ್ಲಿ ಜೋತುಬಿದ್ದ ಹೊಟ್ಟೆಯಲ್ಲಿ ನಿಂತು ಅರ್ಧ ಪೈಪು ಮುಚ್ಚಿಬಿಟ್ಟಿತ್ತು. ರಾತ್ರಿ ಸೀಲಿಂಗ್ ಮೇಲೆ ಗುಳುಗುಳು ಸದ್ದು ಬರುತ್ತದೆ, ಇಲಿ ಇರಬೇಕು ಅಂತ ವಾಚ್‌ಮನ್ ತಿಂಗಳಿಂದ ಹೇಳುತ್ತಿದ್ದರಂತೆ. ಇಲಿ ಪಾಷಾಣ ಕೂಡ ಇಟ್ಟಿದ್ದರು.

ಇಷ್ಟಾದರೂ ನನಗೆ ಒಂದು ಪ್ರಶ್ನೆ ಉಳಿದಿತ್ತು. ಪೈಪು ಎರಡು ವರ್ಷದಿಂದ ಹೀಗೇ ಇದೆ. ಎಲ್ಬೋ ಬಿಟ್ಟುಕೊಂಡು ಹೊಗೆ ಸೋರಿದರೂ, ಉರಿ ಸರಿಯಾಗಿದ್ದರೆ ಆ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇಷ್ಟು ಇರಬಾರದು. ಹೊಗೆಯಲ್ಲಿ ಏನೇನಿದೆ ಅಂತ ಅಳೆಯುವ ಅನಲೈಸರ್‌ನಲ್ಲಿ ನೋಡಿದಾಗ ಆಮ್ಲಜನಕ ನೂರಕ್ಕೆ 2ಕ್ಕಿಂತ ಕಡಿಮೆ, ಕಾರ್ಬನ್ ಮಾನಾಕ್ಸೈಡ್ 1,000 ಪಿಪಿಎಂ ಮೀರಿತ್ತು. ಆಮ್ಲಜನಕ 5ರ ಹತ್ತಿರ ಇರಬೇಕಿತ್ತು, ಕಾರ್ಬನ್ ಮಾನಾಕ್ಸೈಡ್ 100ರ ಒಳಗೆ. ಬಾಯ್ಲರ್‌ಗೆ ಉಸಿರು ಸಾಲುತ್ತಿಲ್ಲ. ಯಾಕೆ ಈಗ?

ಹೊರಗೆ ಹೋಗಿ ಪೈಪುಗಳ ಬಾಯಿ ನೋಡಿದೆವು. ಹಿಂದಿನ ಜಗಲಿಯ ಮಾಡಿನ ಕೆಳಗೆ ಎರಡೂ ಪಕ್ಕಪಕ್ಕ, ನಡುವೆ ಒಂದು ಗೇಣು ಜಾಸ್ತಿ ಅಷ್ಟೇ. ಮಳೆಗಾಲ ಬಂತು ಅಂದರೆ ನಮ್ಮ ಮಲೆನಾಡು, ಕೊಡಗಿನಲ್ಲಿ ಇರಚಲು ಹೊಡೆಯದಿರಲಿ ಅಂತ ಜಗಲಿಗೆ ಮರೆ ಕಟ್ಟುತ್ತೇವಲ್ಲ, ಹಾಗೇ ಜೂನ್ ಕೊನೆಗೆ ಅವರು ಮಾಡಿನ ಅಂಚಿನಿಂದ ನೆಲದವರೆಗೆ ನೀಲಿ ಟಾರ್ಪಾಲ್ ಕಟ್ಟಿದ್ದರು. ಒಳಗೆ ಬಟ್ಟೆ ಒಣಗಲು ಹಾಕಿದ್ದರು, ಬ್ಲೀಚಿಂಗ್ ಡಬ್ಬಗಳೂ ಅಲ್ಲೇ. ಟಾರ್ಪಾಲ್ ಒಳಗೆ ಕಾಲಿಟ್ಟರೆ ಬಚ್ಚಲ ಮನೆಯ ಹಾಗೆ ಬೆಚ್ಚಗೆ, ಮಂಜು ಮಂಜು. ಆ ಬೆಚ್ಚಗಿನ ಮಂಜೇ ಹೊಗೆ. ಬಾಯ್ಲರ್ ತಾನು ಬಿಟ್ಟ ಹೊಗೆಯನ್ನೇ ಪಕ್ಕದ ಪೈಪಿನಿಂದ ವಾಪಸ್ ಎಳೆದುಕೊಳ್ಳುತ್ತಿತ್ತು.

ಅನಲೈಸರ್‌ನ ನಳಿಕೆಯನ್ನು ಗಾಳಿ ಪೈಪಿನೊಳಗೆ ಬಿಟ್ಟು ಬಾಯ್ಲರ್ ಐದು ನಿಮಿಷ ಓಡಿಸಿದೆವು. ಶುದ್ಧ ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ 20.9 ಇರಬೇಕು. 18.1 ತೋರಿಸಿತು, ಇನ್ನೂ ಇಳಿಯುತ್ತಿತ್ತು. ನಮ್ಮ ಹುಡುಗ ಟಾರ್ಪಾಲಿನ ಹಗ್ಗ ಬಿಚ್ಚಿದ. ಗಾಳಿ ನುಗ್ಗಿತು. ಎರಡೇ ನಿಮಿಷಕ್ಕೆ 20.3. ಮ್ಯಾನೇಜರ್ ಪಕ್ಕದಲ್ಲೇ ನಿಂತು ಅಂಕಿ ಏರುವುದನ್ನು ನೋಡಿದರು, ಆಮೇಲೆ ಅವರಿಗೆ ನಾನು ಏನೂ ವಿವರಿಸಬೇಕಾಗಲಿಲ್ಲ. ಆದರೆ 20.3 ಕೂಡ ಸರಿಯಲ್ಲ, ಟಾರ್ಪಾಲ್ ಇಲ್ಲದಾಗಲೂ ಮಾಡಿನ ಕೆಳಗೆ ಹೊಗೆ ಸ್ವಲ್ಪ ಸುತ್ತುತ್ತಲೇ ಇತ್ತು ಅಂತ ಅರ್ಥ. ಅಲ್ಲಿಟ್ಟ ಡಬ್ಬಗಳದ್ದು ಇನ್ನೊಂದು ತೊಂದರೆ: ಬ್ಲೀಚಿಂಗ್‌ನ ಕ್ಲೋರಿನ್ ಗಾಳಿಯ ಜೊತೆ ಹೋಗಿ ಉರಿಯಲ್ಲಿ ಆಮ್ಲವಾಗುತ್ತದೆ. ಉರಿಯ ಬಿಸಿಯನ್ನು ನೀರಿಗೆ ದಾಟಿಸುವ ಹೀಟ್ ಎಕ್ಸ್‌ಚೇಂಜರ್‌ನ ಮೇಲೆ ಅದರ ಗುರುತು ಆಗಲೇ ಬಿದ್ದಿತ್ತು.

ಹಳೆಯ ಪೈಪು ಅಷ್ಟನ್ನೂ ಕಿತ್ತೆವು. ಮಾಲೀಕರು ಎಲ್ಬೋ ಒಂದನ್ನು ಸರಿಮಾಡಿ ಟಾರ್ಪಾಲ್ ಬಿಚ್ಚಿದರೆ ಸಾಕಲ್ವಾ ಅಂತ ಫೋನಿನಲ್ಲಿ ಕೇಳಿದರು. ಸಾಕಾಗಲ್ಲ ಅಂದೆ, ಹಾಗೆ ಮಾಡಿದರೆ ನಾನು ಗ್ಯಾಸ್ ವಾಲ್ವ್ ತೆಗೆಯುವುದಿಲ್ಲ ಅಂತಲೂ ಅಂದೆ. ಅವರು ಒಪ್ಪಿದರು. ಹೊಸ ಪೈಪು ಬರುವವರೆಗೆ ಐದು ದಿನ ಹಿತ್ತಲಿನಲ್ಲಿ ಹಂಡೆ ಒಲೆ ಹಾಕಿ ಗೆಸ್ಟ್‌ಗಳಿಗೆ ನೀರು ಕೊಟ್ಟರು.

ಹೊಸ ದಾರಿ ಹುಡುಕುವಾಗ ಬಾಯ್ಲರ್‌ನ ಪುಸ್ತಕವನ್ನು ಮುಂದೆ ಇಟ್ಟುಕೊಂಡು ಕೂತೆವು. ಆ ಪುಸ್ತಕ ಪ್ಲಾಸ್ಟಿಕ್ ಕವರಿನಲ್ಲೇ ಇತ್ತು, ಒಡೆದಿರಲಿಲ್ಲ. ಈ ಮಾಡೆಲ್‌ಗೆ ಪೈಪಿನ ಉದ್ದ ಹೆಚ್ಚೆಂದರೆ 15 ಮೀಟರ್. 90 ಡಿಗ್ರಿಯ ಒಂದೊಂದು ಎಲ್ಬೋವನ್ನೂ ಒಂದೂವರೆ ಮೀಟರ್ ಅಂತ ಸೇರಿಸಬೇಕು, 45 ಡಿಗ್ರಿಯದನ್ನು ಅದರ ಅರ್ಧ. ಹಳೆಯ ದಾರಿಯಲ್ಲಿ 9 ಮೀಟರ್ ಪೈಪು, ಆರು ಎಲ್ಬೋ, ಒಟ್ಟು 18. ಮೊದಲ ದಿನವೇ ಮಿತಿ ಮೀರಿತ್ತು. (ಈ ಅಂಕಿಗಳು ಬಾಯ್ಲರ್‌ನಿಂದ ಬಾಯ್ಲರ್‌ಗೆ ಬೇರೆ. ನಿಮ್ಮ ಯಂತ್ರದ ಪುಸ್ತಕವನ್ನೇ ನೋಡಿ.) ಹೊಸದು ಬಾಯ್ಲರ್ ರೂಮಿನಿಂದಲೇ ಹಂಚಿನ ಮಾಡು ದಾಟಿ ಮೇಲಕ್ಕೆ: 5.5 ಮೀಟರ್ ಪೈಪು, ಒಂದು 90, ಎರಡು 45. ಒಟ್ಟು 8.5. ಯಾರೂ ಮಲಗುವ, ಕೂರುವ ರೂಮಿನ ಮೇಲೆ ಒಂದಡಿಯೂ ಇಲ್ಲ. ಎರಡೂ ಪೈಪಿನ ಬಾಯಿ ಮಾಡಿನ ಒಂದೇ ಇಳಿಜಾರಿನಲ್ಲಿ ಇಟ್ಟೆವು, ಒಂದು ಈ ಕಡೆ ಇನ್ನೊಂದು ಆ ಕಡೆ ಇಟ್ಟರೆ ಬೆಟ್ಟದ ಗಾಳಿ ಬೀಸಿದಾಗ ಎರಡರ ಮೇಲೆ ಬೇರೆ ಬೇರೆ ಒತ್ತಡ ಬಿದ್ದು ಉರಿ ಅಲುಗುತ್ತದೆ. ಹೊಗೆಯ ಬಾಯಿ ಎತ್ತರದಲ್ಲಿ ಆಕಾಶಕ್ಕೆ, ಗಾಳಿಯ ಬಾಯಿ ಅದಕ್ಕಿಂತ ತಗ್ಗಿನಲ್ಲಿ, ಪಕ್ಕಕ್ಕೆ ಸರಿದು, ಕೊಕ್ಕೆಯ ಹಾಗೆ ಕೆಳಕ್ಕೆ ಬಗ್ಗಿ.

ಪೈಪು ಹೊಗೆಗೆಂದೇ ಮಾಡಿದ ಪಾಲಿಪ್ರೊಪಿಲೀನ್, ಬಾಯ್ಲರ್ ಕಂಪನಿಯ ಪಟ್ಟಿಯಲ್ಲಿ ಇರುವುದು. ಎಲ್ಲಾ ತುಂಡೂ ಒಂದೇ ಕಂಪನಿಯದು, ಒಬ್ಬರ ಪೈಪಿಗೆ ಇನ್ನೊಬ್ಬರ ಎಲ್ಬೋ ಕೂರುವಂತೆ ಕಂಡರೂ ರಿಂಗ್ ಸರಿಯಾಗಿ ಕಚ್ಚುವುದಿಲ್ಲ. ಕೆಲಸ ನಿಧಾನದ್ದು. ಪೈಪನ್ನು ನೇರವಾಗಿ ಕೊಯ್ದು, ಒಳಗೂ ಹೊರಗೂ ಜೂಲು ಹೆರೆದು, ಬೆರಳಾಡಿಸಿ ನೋಡಿ, ಎಷ್ಟು ಒಳಗೆ ಹೋಗಬೇಕೋ ಅಲ್ಲಿಗೆ ಮಾರ್ಕರ್‌ನಲ್ಲಿ ಗೆರೆ ಹಾಕಬೇಕು. ರಬ್ಬರ್ ರಿಂಗ್‌ಗೆ ಸೋಪಿನ ನೀರು ಸವರಿ ಸ್ವಲ್ಪ ತಿರುಗಿಸುತ್ತಾ ತಳ್ಳಬೇಕು. ಗ್ರೀಸ್, ಎಣ್ಣೆ ಬೇಡವೇ ಬೇಡ, ರಬ್ಬರ್ ಊದಿಕೊಂಡು ಹಾಳಾಗುತ್ತದೆ. ಗೆರೆ ಮರೆಯಾಗದಿದ್ದರೆ ಜಾಯಿಂಟ್ ಕೂತಿಲ್ಲ ಅಂತ ಅರ್ಥ. ನಮ್ಮ ಹುಡುಗ ಮೂರನೇ ಜಾಯಿಂಟ್‌ನಲ್ಲಿ ಗೆರೆ ಒಂದು ಕಡೆ ಕಾಣುತ್ತಿದೆ ಅಂತ ತಾನೇ ಹೇಳಿ ಬಿಚ್ಚಿದ, ರಿಂಗ್ ಮಡಚಿಕೊಂಡಿತ್ತು. ಪ್ರತಿ ಮೀಟರ್ ಉದ್ದಕ್ಕೆ ಒಂದು ಕ್ಲಾಂಪ್, ಎಲ್ಬೋಗಳ ಹತ್ತಿರ ತಪ್ಪದೆ ಒಂದೊಂದು. ಅಡ್ಡ ಪೈಪು ಇದ್ದದ್ದು 1.8 ಮೀಟರ್ ಮಾತ್ರ, ಅದಕ್ಕೆ ಮೀಟರ್‌ಗೆ 5 ಸೆಂಟಿಮೀಟರ್ ಲೆಕ್ಕದಲ್ಲಿ ಬಾಯ್ಲರ್ ಕಡೆಗೆ 9 ಸೆಂಟಿಮೀಟರ್ ಇಳಿಜಾರು ಕೊಟ್ಟು, ಪ್ರತಿ ಕ್ಲಾಂಪ್ ಬಿಗಿ ಮಾಡಿದ ಮೇಲೂ ರಸಮಟ್ಟ ಇಟ್ಟು ನೋಡಿದೆವು. ಹಂಚಿನ ಜಾಗದಲ್ಲಿ ಶೀಟಿನ ಫ್ಲ್ಯಾಶಿಂಗ್ ಹಾಕಿ ನೀರು ಇಳಿಯದಂತೆ ಮಾಡಿದ್ದು ಊರಿನ ಮಾಡು ಕೆಲಸದವರು, ಅದರಲ್ಲಿ ಅವರ ಕೈ ನಮಗಿಂತ ಚೆನ್ನಾಗಿದೆ.

ಗಾಳಿ ಪೈಪಿನ ಬಾಯಿಗೆ ಅರ್ಧ ಇಂಚು ಕಣ್ಣಿನ ಸ್ಟೀಲ್ ಜಾಲರಿ. ಸೊಳ್ಳೆ ಪರದೆ ಹಾಕಿ ಅಂದರು ಮ್ಯಾನೇಜರ್, ಬೇಡ ಅಂದೆ. ಸಣ್ಣ ಕಣ್ಣಿಗೆ ಧೂಳು, ಜೇಡರ ಬಲೆ ತುಂಬಿಕೊಂಡು ವರ್ಷದೊಳಗೆ ಮತ್ತೆ ಉಸಿರು ಕಟ್ಟುತ್ತದೆ. ಹೊಗೆಯಿಂದ ಹನಿಗಟ್ಟುವ ಕಂಡೆನ್ಸೇಟ್ ನೀರಿಗೆ ಅಮೃತಶಿಲೆಯ ಚೂರು ತುಂಬಿದ ಡಬ್ಬ ಇಟ್ಟೆವು, ಹುಳಿ ಕಳೆದು ಮೋರಿಗೆ ಹೋಗುತ್ತದೆ. ಬಾಯ್ಲರ್ ಹೊತ್ತಿಸುವ ಮೊದಲು ಟ್ರ್ಯಾಪ್‌ಗೆ ನೀರು ತುಂಬಿದೆವು. ಇದನ್ನು ಬಹಳ ಜನ ಮರೆಯುತ್ತಾರೆ. ಟ್ರ್ಯಾಪ್ ಒಣಗಿದ್ದರೆ ಹೊಗೆ ಆ ದಾರಿಯಿಂದಲೇ ರೂಮಿಗೆ ಬರುತ್ತದೆ, ಪೈಪು ಎಷ್ಟೇ ಚೆನ್ನಾಗಿದ್ದರೂ.

ಫ್ಯಾನ್ ಓಡಿಸಿ ಪ್ರತಿ ಜಾಯಿಂಟ್‌ಗೂ ಸೋಪಿನ ನೊರೆ ಹಚ್ಚಿ ನೋಡಿದೆವು. ಒಂದು ಗುಳ್ಳೆಯೂ ಏಳಲಿಲ್ಲ. ಆಮೇಲೆ ಉರಿ ಹೊಂದಿಸಿದ್ದು: ಪೂರ್ತಿ ಉರಿಯಲ್ಲಿ ಹೊಗೆಯ ಆಮ್ಲಜನಕ 5.1, ಕಾರ್ಬನ್ ಮಾನಾಕ್ಸೈಡ್ 62. ಗಾಳಿ ಪೈಪಿನೊಳಗೆ 20.9. ಅರ್ಧ ಗಂಟೆ ಓಡಿದ ಮೇಲೂ, ಮಂಜು ಕವಿದು ಗಾಳಿ ಬಿದ್ದುಹೋಗಿದ್ದಾಗಲೂ 20.9. ಲಿನನ್ ರೂಮಿನಲ್ಲಿ ಸೊನ್ನೆ. ಈ ಅಂಕಿಗಳನ್ನು ದಿನಾಂಕದ ಜೊತೆ ಬಾಯ್ಲರ್ ಮೇಲೆಯೇ ಅಂಟಿಸಿ ಬಂದೆ, ಮುಂದೆ ಯಾರು ಬಂದರೂ ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಾಗಲಿ ಅಂತ. ಲಿನನ್ ರೂಮಿಗೂ ಬಾಯ್ಲರ್ ರೂಮಿಗೂ ಕಾರ್ಬನ್ ಮಾನಾಕ್ಸೈಡ್ ಅಲಾರ್ಮ್ ಹಾಕಿದೆವು. ಬಾಯ್ಲರ್ ರೂಮಿನದು ಹೊಡೆದುಕೊಂಡರೆ ಗ್ಯಾಸ್ ವಾಲ್ವ್ ತಾನೇ ಮುಚ್ಚುತ್ತದೆ.

ಮುಂದಿನ ಮಳೆಗಾಲದಲ್ಲಿ ಸರ್ವೀಸ್‌ಗೆ ಹೋದಾಗ ವಾಚ್‌ಮನ್ ಅಣ್ಣ ಗೇಟಿನಲ್ಲೇ ಸಿಕ್ಕರು. ಅವರಿಗೆ ಈಗ ಮುಂದಿನ ಕಡೆ ಬೇರೆ ರೂಮು ಕೊಟ್ಟಿದ್ದಾರೆ. ಟಾರ್ಪಾಲ್ ಕಟ್ಟಿದ್ದರು, ಒಳಗೆ ಬಟ್ಟೆ ಬಿಟ್ಟು ಬೇರೇನೂ ಇರಲಿಲ್ಲ. ಹೊಗೆಯ ಅಂಕಿಗಳು ಹಿಂದಿನ ವರ್ಷದ ಚೀಟಿಗೆ ಹೊಂದುತ್ತಿದ್ದವು. ಲಿನನ್ ರೂಮಿಗೆ ಹೋದರೆ ಅಲಾರ್ಮ್‌ನ ಪ್ಲಗ್ ಕೆಳಗೆ ಬಿದ್ದಿತ್ತು, ಆ ಪಾಯಿಂಟ್‌ನಲ್ಲಿ ಯಾರದೋ ಫೋನ್ ಚಾರ್ಜ್ ಆಗುತ್ತಿತ್ತು. ಎಲೆಕ್ಟ್ರಿಷಿಯನ್‌ನ ಕರೆಸಿ ಅಲಾರ್ಮ್‌ಗೆ ನೇರ ವೈರ್ ಎಳೆಸಿ, ಚಾರ್ಜಿಂಗ್‌ಗೆ ಪಕ್ಕದಲ್ಲೇ ಎರಡು ಪಾಯಿಂಟ್ ಹಾಕಿಸಿ, ಟೆಸ್ಟ್ ಬಟನ್ ಒತ್ತಿ ಸದ್ದು ರಿಸೆಪ್ಷನ್‌ವರೆಗೆ ಕೇಳುತ್ತದಾ ಅಂತ ಕೇಳಿಕೊಂಡು, ಅಲ್ಲಿಂದ ಹೊರಟಾಗ ಸಂಜೆ ಐದಾಗಿತ್ತು.